ಗಾರ್ಡ್ ಬಯ್ಯಪ್ಪನವರ ಕೈ ಬಿಚ್ಚಲು ಅನುಮತಿ ಕೋರಿ

ಮಾನ್ಯರೇ,

ತಾವು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಹೀಗೆ ಊರಿಗೆಲ್ಲ ಕಾಣುವಂತೆ ಪತ್ರಿಕೆಯಲ್ಲಿ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಗಾಂಜಾ ಗಿಡದ ಸಾರವನ್ನು ಔಷಧವಾಗಿ ಪರೀಕ್ಷಿಸಲು ಅನುಮತಿ ಕೊಡುವ ಅಧಿಕಾರ ಯಾರೋ ಒಬ್ಬರ ಬಳಿ ಇದೆ ಎಂದು ಕಾನೂನಿನ ಪುಸ್ತಕ ಹೇಳುತ್ತದೆ. ಆ ಒಬ್ಬರು ಯಾವ ಕಟ್ಟಡದ ಯಾವ ಮಹಡಿಯಲ್ಲಿ ಕೂರುತ್ತಾರೆಂದು ಹುಡುಕುತ್ತ ಹದಿನಾಲ್ಕು ತಿಂಗಳು ಕಳೆದಿದ್ದೇನೆ. ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಒಂದಕ್ಕೂ ಹೌದು ಎಂಬ ಉತ್ತರ ಬಂದಿಲ್ಲ. ಹೋಗಲಿ ಎಂದರೆ ಇಲ್ಲ ಎಂಬ ಉತ್ತರವೂ ಬಂದಿಲ್ಲ. ನನ್ನ ತಂದೆಗೆ ಅಲ್ಝೈಮರ್ ಕಾಯಿಲೆ. ಸಂಜೆಯಾದರೆ ಅವರ ಎರಡೂ ಕೈಗಳನ್ನು ಟವೆಲಿನಿಂದ ಕಟ್ಟಿ ಮಂಚಕ್ಕೆ ಬಿಗಿಯುತ್ತೇನೆ. ಹಾಗೆ ಕಟ್ಟದೆ ಇರುವ ದಾರಿಯೊಂದನ್ನು ಪ್ರಯತ್ನಿಸಿ ನೋಡಬಹುದೇ ಎಂದು ಕೇಳಿದ್ದೇ ಆ ನಾಲ್ಕೂ ಅರ್ಜಿಗಳ ಸಾರಾಂಶ.

ನಾನು ಮಂಡಿಕಲ್ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ಬಹಿರಂಗ ಪತ್ರಗಳಲ್ಲಿ ಇರಬೇಕಾದ ರೋಷ ಇದರಲ್ಲಿ ಕಾಣದಿದ್ದರೆ ಕ್ಷಮಿಸಬೇಕು. ಸಿಟ್ಟು ಮಾಡಿಕೊಳ್ಳುವ ತ್ರಾಣ ಎರಡನೇ ಅರ್ಜಿಯ ಹೊತ್ತಿಗೇ ಮುಗಿದುಹೋಗಿತ್ತು. ಬೆಳಿಗ್ಗೆ ತಂದೆಯ ಬಟ್ಟೆ ಒಗೆದು, ಮಧ್ಯಾಹ್ನ ಒಂಬತ್ತನೇ ತರಗತಿಗೆ ದ್ಯುತಿಸಂಶ್ಲೇಷಣೆ ಹೇಳಿ, ಸಂಜೆ ಅವರಿಗೆ ಮುದ್ದೆ ಮಿದ್ದು ತಿನ್ನಿಸುವವಳಿಗೆ ಉಳಿಯುವುದು ಸುಸ್ತು ಮಾತ್ರ. ಆ ಸುಸ್ತಿನಲ್ಲೇ ಬರೆಯುತ್ತಿದ್ದೇನೆ.

ನನ್ನ ತಂದೆ ಬಯ್ಯಪ್ಪನವರು ತಮಗೆ ಪರಕೀಯರಲ್ಲ. ಅಬಕಾರಿ ಗಾರ್ಡ್ ಆಗಿ ಮೂವತ್ತೊಂದು ವರ್ಷ ದುಡಿದು ೧೯೯೬ರಲ್ಲಿ ನಿವೃತ್ತರಾದವರು. ಜೋಳದ ಸಾಲಿನ ನಡುವೆ, ಹಿಪ್ಪುನೇರಳೆ ತೋಟದ ಮರೆಯಲ್ಲಿ, ಕೊಟ್ಟಿಗೆಯ ಹಿಂದೆ, ಎಲ್ಲಿ ಗಾಂಜಾ ಗಿಡ ಎದ್ದಿದ್ದರೂ ಅವರ ಮೂಗಿಗೆ ಮೊದಲು ಗೊತ್ತಾಗುತ್ತಿತ್ತು. ಹೊಸಬರು ಗಿಡ ಕಂಡ ಕೂಡಲೇ ಕೀಳಲು ಹೋದರೆ ಇವರು ತಡೆಯುತ್ತಿದ್ದರು. ಮೊದಲು ಎಲೆ ಹಿಡಿದು ಬೆರಳು ಎಣಿಸಬೇಕು, ಉಜ್ಜಿ ಮೂಸಬೇಕು, ಸಾಕ್ಷಿಗೆ ಕರೆದ ಪಂಚರ ಎದುರು ಗಟ್ಟಿಯಾಗಿ ಲೆಕ್ಕ ಹೇಳಬೇಕು, ಆಮೇಲೆ ಬೇರು ಸಮೇತ ಕೀಳಬೇಕು. ಕಿತ್ತ ಮೇಲೆ ಅವರದೇ ಒಂದು ನಿಯಮವಿತ್ತು. ಗಿಡದ ಬುಡವನ್ನು ಕಾಲಿಗೆ ಬಡಿದು ಬೇರಿನ ಮಣ್ಣನ್ನೆಲ್ಲ ಉದುರಿಸಿಯೇ ತಕ್ಕಡಿಗೆ ಹಾಕುತ್ತಿದ್ದರು. ತೂಕ ಹೆಚ್ಚಿದಷ್ಟೂ ಕೇಸು ದೊಡ್ಡದಾಗುತ್ತದೆ, ಮೇಲಿನವರಿಗೆ ಖುಷಿಯಾಗುತ್ತದೆ ಎಂದು ಗೊತ್ತಿದ್ದೂ ಹಾಗೆ ಮಾಡುತ್ತಿದ್ದರು. ನಮ್ಮ ಕೇರಿಯಿಂದ ಖಾಕಿ ತೊಟ್ಟವರಲ್ಲಿ ಅವರೇ ಮೊದಲಿಗರು. ಜಗಲಿ ಹತ್ತಲು ಬಿಡದಿದ್ದ ಮನೆಗಳ ಹಿತ್ತಲಿಗೆ ಸರ್ಕಾರದ ಕಾಗದ ಹಿಡಿದು ಹೋಗುತ್ತಿದ್ದ ಮನುಷ್ಯ. ಹಳೆಯದನ್ನೆಲ್ಲ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೇನಿತ್ತು? ಅವರು ಮಣ್ಣು ಉದುರಿಸುತ್ತಲೇ ಇದ್ದರು. ಮೂವತ್ತೊಂದು ವರ್ಷದಲ್ಲಿ ಮೇಲಿನವರ ಮೆಚ್ಚುಗೆಯ ಒಂದು ಪತ್ರವೂ ಅವರಿಗೆ ಬರಲಿಲ್ಲ, ಆದರೆ ಅವರ ತೂಕವನ್ನು ಸುಳ್ಳೆಂದು ಯಾರೂ ಹೇಳಲಿಲ್ಲ.

ಕಾಯಿಲೆ ಶುರುವಾದದ್ದು ೨೦೦೫ರಲ್ಲಿ. ಮೊದಲು ವಸ್ತುಗಳ ಹೆಸರು ಹೋದವು, ಆಮೇಲೆ ದಾರಿಗಳು, ಆಮೇಲೆ ನಾವು. ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದರೆ ನನ್ನ ಮುಖ ನೋಡಿ 'ಎವುರಮ್ಮಾ ನುವ್ವು' ಎಂದು ತೆಲುಗಿನಲ್ಲಿ ಕೇಳಿದರು. ಯಾರಮ್ಮ ನೀನು ಎಂದು ಅಪರಿಚಿತರನ್ನು ಕೇಳುವ ಮರ್ಯಾದೆಯ ಧ್ವನಿ ಅದು. ನಾನು ಬಯ್ಯಪ್ಪನವರ ಮಗಳು ಎಂದೆ. ಅವರನ್ನು ಬಲ್ಲೆ ಎಂಬಂತೆ ತಲೆಯಾಡಿಸಿ ಕಾಫಿ ಕುಡಿದರು. ಎಲ್ಲವೂ ಅಳಿಸಿಹೋದರೂ ಒಂದು ಮಾತ್ರ ಉಳಿಯಿತು, ಅದೇ ಕೆಲಸ. ಸಂಜೆಯ ಬಿಸಿಲು ಇಳಿಯುತ್ತಿದ್ದಂತೆ ಎದ್ದು ಗಿಡ ಕೀಳಲು ಹೊರಡುತ್ತಿದ್ದರು. ಪಕ್ಕದ ಮುನಿವೆಂಕಟಪ್ಪನವರ ಚೆಂಡುಹೂವಿನ ತೋಟದ ಎಲೆ ಸೀಳುಸೀಳಾಗಿ ಇರುತ್ತದಲ್ಲ, ಅವರ ಕಣ್ಣಿಗೆ ಅದು ಗಾಂಜಾ. ಮೊದಲ ದಿನವೇ ಎರಡು ಸಾಲು ಕಿತ್ತು, ಮಣ್ಣು ಉದುರಿಸಿ, ಕಟ್ಟು ಕಟ್ಟಿಟ್ಟು, ಪಂಚರು ಬರಲಿ ಎಂದು ಬದುವಿನ ಮೇಲೆ ಕಾಯುತ್ತ ಕುಳಿತಿದ್ದರು. ಮಾರನೇ ದಿನ ಕೊಯ್ಲಿಗೆ ಬರಬೇಕಿದ್ದ ಹೂವು ಅದು. ನಾನು ಓಡಿಹೋಗುವಷ್ಟರಲ್ಲಿ ಮುನಿವೆಂಕಟಪ್ಪನವರು ಬಂದು ನಿಂತಿದ್ದರು. ಬೈಯುತ್ತಾರೆಂದು ಹೆದರಿದ್ದೆ. ಅವರು ಟವೆಲು ಹೆಗಲಿಗೆ ಹಾಕಿಕೊಂಡು ನನ್ನ ತಂದೆಯ ಪಕ್ಕ ಕೂತು, 'ನಾನೇ ಪಂಚ ಬಂದಿದೀನಿ ಬಯ್ಯಪ್ಪನೋರೆ, ಎಲ್ಲಿ ಹಾಕ್ಬೇಕು ಸೈನು?' ಎಂದರು. ನನ್ನ ತಂದೆ ಅಂಗೈ ಚಾಚಿದರು. ಮುನಿವೆಂಕಟಪ್ಪನವರು ಅದರ ಮೇಲೆ ಬೆರಳಿನಿಂದ ಸಹಿ ಹಾಕಿದರು. ಅಂಥವರೂ ಮೂರನೇ ಸಲಕ್ಕೆ ನನ್ನನ್ನು ಕರೆದು, ಇನ್ನು ತಡೆಯಲಾರೆ ತನುಜಮ್ಮ, ಒಳಗೆ ಇಟ್ಟುಕೊಳ್ಳಿ ಎಂದರು. ಅವರ ತಪ್ಪೇನು? ಬೆಳೆ ಅವರ ಹೊಟ್ಟೆಪಾಡು.

ಹಾಗಾಗಿ ಒಳಗೆ ಇಟ್ಟುಕೊಂಡೆವು. ಬಾಗಿಲು ಹಾಕಿದರೆ ಗುದ್ದಿ ಗುದ್ದಿ ಕೈ ರಕ್ತ ಮಾಡಿಕೊಂಡರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದರೆ ಗುದ್ದುವುದು ನಿಂತಿತು, ಅದರ ಜೊತೆಗೆ ನಡೆಯುವುದೂ ನುಂಗುವುದೂ ನಿಂತವು. ಬಾಯಿಂದ ಜೊಲ್ಲು ಸುರಿಸುತ್ತ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತ ಅವರನ್ನು ನೋಡಿ ನನ್ನ ತಾಯಿ ಮಂಗಮ್ಮ ಎರಡು ದಿನ ಊಟ ಬಿಟ್ಟರು. ಮೂರನೇ ದಿನ ಬಚ್ಚಲಿಗೆ ಕರೆದೊಯ್ಯುವಾಗ ಬಿದ್ದು ತಂದೆಯ ತಲೆ ಒಡೆಯಿತು. ಮಾತ್ರೆ ನಿಲ್ಲಿಸಿದೆವು, ಟವೆಲು ಹಿಡಿದೆವು. ಕೈ ಕಟ್ಟಿದ ಮೊದಲ ಸಂಜೆ ನನ್ನ ತಮ್ಮ ಗಂಗರಾಜು, ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಅವನಿಗೆ, ಹಿತ್ತಲಿಗೆ ಹೋಗಿ ಅತ್ತು ಬಂದ. ನಾನು ಅಳಲಿಲ್ಲ. ಗಂಟು ಬಿಗಿಯಾಗಿ ರಕ್ತ ಓಡುವುದು ನಿಲ್ಲಬಾರದೆಂದು ಟವೆಲಿನ ಕೆಳಗೆ ಒಂದು ಬೆರಳು ತೂರಿಸಿ ನೋಡುತ್ತಿದ್ದೆ.

ಈ ಸಮಯದಲ್ಲೇ ನಾನು ಓದಿದ್ದು. ಕಾಯಿಲೆಯಲ್ಲಿ ನೆನಪನ್ನು ಒಯ್ಯುವ ರಾಸಾಯನಿಕವನ್ನು ಮೆದುಳಿನಲ್ಲಿ ಒಂದು ಕಿಣ್ವ ಬೇಗ ಬೇಗ ಒಡೆದುಹಾಕುತ್ತದೆ. ಗಾಂಜಾದ ಮುಖ್ಯ ಸಾರ ಆ ಕಿಣ್ವವನ್ನು ತಡೆಯುತ್ತದೆಂದೂ, ಮೆದುಳಿನಲ್ಲಿ ಕಟ್ಟುವ ಗಂಟುಗಳನ್ನು ನಿಧಾನ ಮಾಡಬಹುದೆಂದೂ ಹೊರದೇಶದ ಪ್ರಯೋಗಾಲಯವೊಂದರಲ್ಲಿ ಕಂಡಿದ್ದಾರೆ. ಇನ್ನೊಂದು ಕಡೆ ಬೆರಳೆಣಿಕೆಯ ವೃದ್ಧರಿಗೆ ಅದೇ ಸಾರದ ಔಷಧವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಅವರ ಚಡಪಡಿಕೆ ತಗ್ಗಿತಂತೆ. ನಾನು ವಿಜ್ಞಾನದ ಶಿಕ್ಷಕಿ, ಗಾಜಿನ ನಳಿಕೆ ನನ್ನ ತಂದೆಯಲ್ಲ ಎಂದು ಬಲ್ಲೆ. ಬೆರಳೆಣಿಕೆಯವರಿಗೆ ಆದದ್ದು ಎಲ್ಲರಿಗೂ ಆಗಬೇಕೆಂದಿಲ್ಲ ಎಂದೂ ಬಲ್ಲೆ. ಗಾಂಜಾ ಸೇದಿ ಸೇದಿ ಮಂಕಾದವರನ್ನೂ ಕಂಡಿದ್ದೇನೆ. ಆದ್ದರಿಂದ ಇದು ಕಾಯಿಲೆ ವಾಸಿ ಮಾಡುತ್ತದೆ ಎಂದು ನಾನು ಎಲ್ಲೂ ಬರೆದಿಲ್ಲ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಬಿಡಿ ಎಂದಷ್ಟೇ ಬರೆದೆ. ವೈದ್ಯಕೀಯ ಕಾಲೇಜೊಂದರ ಡಾಕ್ಟರು, ಹೆಸರು ಬೇಡ ಎಂದಿದ್ದಾರೆ, ನನ್ನ ಮಾತನ್ನು ಪೂರ್ತಿ ಕೇಳಿ, 'ಕಾಗದ ತನ್ನಿ ಮೇಡಂ, ಹನಿ ಲೆಕ್ಕದಲ್ಲಿ ಕೊಟ್ಟು ದಿನಾ ಬರೆದಿಡ್ತೀನಿ. ಕಾಗದ ಇಲ್ದೆ ನನ್ ಕೈಲಿ ಆಗಲ್ಲ' ಎಂದರು. ಇಡೀ ಪ್ರಯೋಗಕ್ಕೆ ಕೊರತೆಯಾಗಿರುವುದು ತಮ್ಮ ಒಂದು ಕಾಗದ.

ಇಷ್ಟೆಲ್ಲ ತಾಪತ್ರಯ ಏಕೆ, ಗುಟ್ಟಾಗಿ ಒಂದು ಪೊಟ್ಟಣ ತರಿಸಿದರಾಯಿತಲ್ಲ ಎಂದು ತಾವು ಕೇಳಬಹುದು. ತಾವು ಕೇಳದಿದ್ದರೂ ಊರವರು ಕೇಳಿದ್ದಾರೆ. ತರಿಸುವುದು ಕಷ್ಟವೇನೂ ಅಲ್ಲ. ಗಂಗರಾಜು ಒಂದು ದಿನ ಪಾಳಿ ಮುಗಿಸಿ ಬರುವಾಗ ಯಾರಿಂದಲೋ ಕಾಗದದಲ್ಲಿ ಸುತ್ತಿದ ಒಂದು ಹಿಡಿ ಸೊಪ್ಪು ತಂದ. ಹಾಲಿನಲ್ಲಿ ಕುದಿಸಿ ಕೊಡೋಣ ಎಂದ. ನಾನು ಬೇಡ ಎನ್ನಲಿಲ್ಲ, ನಿಜ ಹೇಳುತ್ತಿದ್ದೇನೆ. ಹಾಲಿನ ಪಾತ್ರೆ ಒಲೆಯ ಮೇಲಿಟ್ಟವಳು ನಾನೇ. ನನ್ನ ತಾಯಿ ಬಂದು ಒಲೆ ಆರಿಸಿದರು. ಅವರ ತವರಿನಲ್ಲಿ ದನಕ್ಕೆ ಹೊಟ್ಟೆ ಕೆಟ್ಟರೆ ಇದೇ ಸೊಪ್ಪನ್ನು ಅರೆದು ಕುಡಿಸುತ್ತಿದ್ದರು. ಮದುವೆಯಾದ ವರ್ಷವೇ ನನ್ನ ತಂದೆ ಅತ್ತೆಮನೆಯ ಹಿತ್ತಲಿನ ಆ ಎರಡು ಗಿಡಗಳನ್ನೂ ಕಿತ್ತು, ತೂಗಿ, ವರದಿ ಬರೆದವರು. ಎರಡು ವರ್ಷ ಬೀಗರ ನಡುವೆ ಮಾತು ನಿಂತಿತ್ತು. ಹಾಗಾಗಿ ನನ್ನ ತಾಯಿಗೆ ಆ ಸೊಪ್ಪಿನ ಭಯವಿಲ್ಲ. ಆದರೂ ಅವರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: 'ಅವ್ರಿಗೆ ಏನೂ ಗೊತ್ತಾಗಲ್ಲ ಅಂತ ತಾನೆ ಈ ಕೆಲ್ಸ ಮಾಡ್ತಿರಾದು? ನಂಗೆ ಗೊತ್ತಾಯ್ತದಲ್ಲ. ಸರ್ಕಾರದೋರು ಕೊಡ್ಲಿ, ನಾನೇ ಕುಡುಸ್ತೀನಿ. ಕದ್ದು ಕುಡ್ಸಿ ಈ ವಯಸ್ನಲ್ಲಿ ಅವ್ರನ್ನ ಕಳ್ಳನ್ ಮಾಡ್ಬೇಡಿ ಕಣಮ್ಮ.' ಪೊಟ್ಟಣ ಒಲೆಗೆ ಹೋಯಿತು. ನಾನು ಅರ್ಜಿ ಬರೆಯಲು ಕೂತೆ.

ಆ ಅರ್ಜಿಯ ಯಾತ್ರೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಉದ್ದವಾಗಿ ಹೇಳಲು ನನಗೂ ಬೇಸರ. ಮಾದಕ ವಸ್ತುಗಳ ಕಾಯ್ದೆಯಲ್ಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ವಿನಾಯಿತಿ ಇದೆ. ಆ ಸಾಲಿಗೆ ಅಡಿಗೆರೆ ಎಳೆದು ಚಿಕ್ಕಬಳ್ಳಾಪುರದ ಒಂದು ಕಚೇರಿಗೆ ಒಯ್ದೆ. ಗಿಡ ಕೀಳುವುದು ಮಾತ್ರ ನಮ್ಮ ಕೆಲಸ, ಔಷಧ ಎಂದರೆ ಬೇರೆಯವರು ಎಂದರು. ಔಷಧದವರು, ಗಾಂಜಾ ಎಂದರೆ ನಾವಲ್ಲ ಎಂದರು. ಆರೋಗ್ಯದವರು, ನಮ್ಮಲ್ಲಿ ಇರುವುದು ಮಲೇರಿಯಾ ಮತ್ತು ಪೋಲಿಯೋ ಎಂದರು. ಮತ್ತೊಬ್ಬರು, ಜಿಲ್ಲೆ ಈಗಷ್ಟೇ ಕೋಲಾರದಿಂದ ಬೇರೆಯಾಗಿದೆ, ಇಂಥ ವಿಷಯದ ಕಡತಗಳಿದ್ದರೆ ಅಲ್ಲೇ ಇರುತ್ತವೆ ಎಂದರು. ಕೋಲಾರಕ್ಕೆ ಹೋದೆ. ನಿಮ್ಮ ಜಿಲ್ಲೆಯದನ್ನೆಲ್ಲ ಮೂಟೆ ಕಟ್ಟಿ ಕಳಿಸಿಬಿಟ್ಟಿದ್ದೇವಲ್ಲ ಎಂದರು. ಮಾಹಿತಿ ಹಕ್ಕಿನಲ್ಲಿ ಕೇಳಿದೆ, ಅನುಮತಿ ಕೊಡುವ ಅಧಿಕಾರಿ ಯಾರು ಎಂದು ಒಂದೇ ಪ್ರಶ್ನೆ. ಕೋರಿದ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ ಎಂಬ ಉತ್ತರ ಸರಿಯಾಗಿ ಮೂವತ್ತನೇ ದಿನ ಬಂತು. ನಮ್ಮ ಬಸ್ ಸ್ಟಾಪಿನಿಂದ ಶಾಲೆಯವರೆಗೆ ಎರಡು ಬ್ರಾಂದಿ ಅಂಗಡಿಗಳಿವೆ. ಅವಕ್ಕೆ ಅನುಮತಿ ಕೊಡುವವರು ಯಾರೆಂದು ನನ್ನ ಒಂಬತ್ತನೇ ತರಗತಿಯ ಹುಡುಗರಿಗೂ ಗೊತ್ತು. ಈ ಒಂದು ಔಷಧಕ್ಕೆ ಮಾತ್ರ ಒಡೆಯರೇ ಇಲ್ಲವೇ?

ನಾಲ್ಕನೇ ಅರ್ಜಿಗೆ ಒಂದು ಫಲ ಸಿಕ್ಕಿತು. ಉತ್ತರ ಬರಲಿಲ್ಲ, ತಪಾಸಣೆ ಬಂತು. ಗಾಂಜಾ ಬೇಕು ಎಂದು ಸಹಿ ಹಾಕಿ ಕೊಟ್ಟವಳ ಹಿತ್ತಲಿನಲ್ಲಿ ಗಾಂಜಾ ಇದ್ದೇ ಇರುತ್ತದೆ ಎಂದು ಯಾವ ಪುಣ್ಯಾತ್ಮರಿಗೆ ಹೊಳೆಯಿತೋ, ಒಂದು ಭಾನುವಾರ ಬೆಳಿಗ್ಗೆ ಖಾಕಿ ತೊಟ್ಟ ಇಬ್ಬರು ಎಳೆಯರು ಮನೆ ಬಾಗಿಲಿಗೆ ಬಂದರು. ಮರ್ಯಾದಸ್ಥರೇ ಸರಿ, ಚಪ್ಪಲಿ ಹೊರಗೆ ಬಿಟ್ಟೇ ಬಂದರು. ನನ್ನ ತಾಯಿ ಹಿತ್ತಲಿನಲ್ಲಿ ಗೋಂಗೂರ, ಅಂದರೆ ಪುಂಡಿ ಸೊಪ್ಪು, ಹಾಕಿದ್ದಾರೆ. ನಮ್ಮ ಸೀಮೆಯಲ್ಲಿ ಬೇಳೆಯ ಪಪ್ಪುವಿಗೂ ಚಟ್ನಿಗೂ ಅದಿಲ್ಲದೆ ನಡೆಯುವುದಿಲ್ಲ. ಅದರ ಎಲೆಯೂ ಬೆರಳು ಬೆರಳಾಗಿಯೇ ಇರುತ್ತದೆ ಎಂದು ತಿಳಿದವರಿಗೆ ಗೊತ್ತು. ಬಂದವರು ತಿಳಿದವರಾಗಿರಲಿಲ್ಲ. ಅವರು ಗಿಡದ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಗೋಂಗೂರ, ಅನುಮಾನವಿದ್ದರೆ ಒಂದೆಲೆ ಬಾಯಿಗೆ ಹಾಕಿಕೊಳ್ಳಿ, ಹುಳಿ ಇರುತ್ತದೆ ಎಂದೆ. ನಾನೇನೋ ಗಾಂಜಾ ತಿನ್ನಿಸಿ ಕೆಡಿಸಲು ಬಂದವಳ ಹಾಗೆ ಇಬ್ಬರೂ ಹಿಂದೆ ಸರಿದರು.

ಆಗ ನನ್ನ ತಂದೆ ಹೊರಗೆ ಬಂದರು. ಖಾಕಿ ಕಂಡಿತು. ಮಾನ್ಯರೇ, ಎರಡು ವರ್ಷದಿಂದ ಬೆನ್ನು ಬಾಗಿದ್ದ ಮನುಷ್ಯ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ನೇರ ಗೋಂಗೂರದ ಸಾಲಿಗೆ ಹೋಗಿ, ಎಲೆ ಹಿಡಿದು ಬೆರಳೆಣಿಸಿ, ಉಜ್ಜಿ ಮೂಸಿ, ಇದೇ ಎಂದು ತೋರಿಸಿದರು. ತಮ್ಮ ಮನೆಯ ಹಿತ್ತಲನ್ನು ತಾವೇ ಹಿಡಿದುಕೊಟ್ಟರು. ಎಳೆಯರಿಗೆ ಇಷ್ಟು ಸಾಕಿತ್ತು. ಒಬ್ಬ ಒಂದು ಗಿಡ ಕಿತ್ತು ಹಾಗೇ ಚೀಲಕ್ಕೆ ತುರುಕಲು ಹೋದ. ನನ್ನ ತಂದೆ ಅವನ ಕೈ ಹಿಡಿದರು. 'ಮಣ್ಣ್ ಉದುರ್ಸಪ್ಪ,' ಎಂದರು. 'ಮಣ್ಣಿನ್ ತೂಕಾನೂ ಆ ಮನುಷ್ಯನ್ ಮೇಲ್ ಹಾಕ್ಬಾರ್ದು.' ವರ್ಷದಿಂದ ಅವರ ಬಾಯಲ್ಲಿ ಅಷ್ಟು ಪೂರ್ತಿಯಾದ ಮಾತು ಬಂದಿರಲಿಲ್ಲ. ಹುಡುಗ ಗಿಡವನ್ನು ಕಾಲಿಗೆ ಬಡಿದು ಮಣ್ಣು ಉದುರಿಸಿದ. ಅವತ್ತು ಸಂಜೆ ನನ್ನ ತಂದೆ ಎದ್ದು ಹೊರಡಲಿಲ್ಲ. ಕೆಲಸ ಮುಗಿಸಿ ಬಂದವರಂತೆ ಜಗಲಿಯಲ್ಲಿ ಕಾಲು ಚಾಚಿ ಕೂತರು. ಅವತ್ತೊಂದು ದಿನ ನಾನು ಟವೆಲು ಮುಟ್ಟಲಿಲ್ಲ. ಗೋಂಗೂರ ಪರೀಕ್ಷೆಗೆ ಹೋಗಿದೆ. ಐದು ತಿಂಗಳಾಯಿತು, ಅದು ಗೋಂಗೂರವೋ ಅಲ್ಲವೋ ಎಂಬ ವರದಿಯೂ ಬಂದಿಲ್ಲ. ಇನ್ನು ನನ್ನ ಅರ್ಜಿಯ ಪಾಡೇನು?

ಹಾಗಾಗಿ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕಾಗಿದೆ. ವಶಪಡಿಸಿಕೊಂಡ ಗಾಂಜಾವನ್ನು ಮೂಟೆಗಟ್ಟಲೆ ಸುಡುವ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ, ಸಾಹೇಬರುಗಳು ಮೂಗಿಗೆ ಕರವಸ್ತ್ರ ಹಿಡಿದು ಸಾಲಾಗಿ ನಿಂತಿರುತ್ತಾರೆ. ಆ ಹೊಗೆ ಕುಡಿಯಲು ಸುತ್ತಲಿನ ಕಾಗೆಗಳಿಗೆ ಯಾವ ಕಾಯ್ದೆಯಡಿ ಪರವಾನಗಿ ಸಿಕ್ಕಿದೆ? ಸುಡುವ ರಾಶಿಯಿಂದ ಒಂದು ಬೊಗಸೆಯನ್ನು, ಬೀಗ ಹಾಕಿ, ಮೊಹರು ಒತ್ತಿ, ಹತ್ತು ಜನರ ಸಹಿ ಪಡೆದು ಒಂದು ವೈದ್ಯಕೀಯ ಕಾಲೇಜಿಗೆ ಕೊಟ್ಟರೆ ಯಾವ ಆಕಾಶ ಕಳಚಿ ಬೀಳುತ್ತದೆ? ನಶೆಗೆ ಬೀಳುವ ಎಳೆಯರ ಬಗ್ಗೆ ತಮಗಿರುವ ಆತಂಕ ನನಗೂ ಇದೆ, ನಾನು ದಿನವೂ ಅದೇ ವಯಸ್ಸಿನವರ ಎದುರು ನಿಲ್ಲುವವಳು. ಆದರೆ ಎಪ್ಪತ್ತೊಂದು ವರ್ಷದ, ತನ್ನ ಹೆಸರೇ ತಿಳಿಯದ ಒಬ್ಬ ಮುದುಕರು ನಾಲ್ಕು ಹನಿ ಔಷಧ ಕುಡಿದು ಚಟಕ್ಕೆ ಬೀಳುತ್ತಾರೆಂದು ತಮಗೆ ಭಯವೇ? ಬಿದ್ದರೆ ತಾನೆ ಏನು, ಎಷ್ಟು ದಿನಕ್ಕೆ? ಪರೀಕ್ಷೆ ಮಾಡಿ, ಪ್ರಯೋಜನವಿಲ್ಲ ಎಂದು ಗೊತ್ತಾದರೆ ಅದೂ ಒಂದು ಉತ್ತರ. ಆಗ ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನಮ್ಮ ಹೋಬಳಿಯೊಂದರಲ್ಲೇ ಇಂಥ ಕಾಯಿಲೆಯ ಆರು ಮನೆಗಳನ್ನು ನಾನು ಬಲ್ಲೆ. ಒಂದೊಂದರಲ್ಲಿ ಒಬ್ಬೊಬ್ಬ ಮಗಳೋ ಸೊಸೆಯೋ ಇದ್ದಾಳೆ. ಯಾರೂ ಅರ್ಜಿ ಬರೆದಿಲ್ಲ, ಬಾಗಿಲು ಹಾಕಿಕೊಂಡಿದ್ದಾರೆ ಅಷ್ಟೆ.

ನನಗೆ ಅತ್ಯಂತ ಸೋಜಿಗವೆನಿಸಿದ್ದು ಬೇರೆ. ಹನಿ ಲೆಕ್ಕದ ಔಷಧವೊಂದನ್ನು ಡಾಕ್ಟರ ಎದುರು ಕೊಡಲು ನನಗೆ ಸರ್ಕಾರದ ಅನುಮತಿ ಬೇಕು. ಹೆತ್ತ ತಂದೆಯ ಕೈ ಕಟ್ಟಿಹಾಕಲು ಯಾರ ಅನುಮತಿಯೂ ಬೇಕಾಗಲಿಲ್ಲ. ಅದಕ್ಕೆ ನಮೂನೆ ಇಲ್ಲ, ಮೊಹರು ಇಲ್ಲ, ಯಾವ ಕಚೇರಿಯೂ ಇದು ನಮಗೆ ಸೇರಿದ್ದಲ್ಲ ಎಂದು ನನ್ನನ್ನು ಹಿಂದಕ್ಕೆ ಕಳಿಸಲಿಲ್ಲ. ಮೊದಲ ಸಂಜೆಯೇ ಕಟ್ಟಿದೆ, ಯಾರೂ ಕೇಳಲಿಲ್ಲ, ಇಂದಿಗೂ ಕೇಳುತ್ತಿಲ್ಲ.

ಕಳೆದ ವಾರದಿಂದ ನಾನು ಟವೆಲು ತೆಗೆದುಕೊಳ್ಳುವ ಮೊದಲೇ ಅವರು ಎರಡೂ ಕೈ ಜೋಡಿಸಿ ನನ್ನ ಮುಂದೆ ಚಾಚುತ್ತಿದ್ದಾರೆ. ಕೊಸರಾಡುವುದಿಲ್ಲ, ಕೂಗಾಡುವುದಿಲ್ಲ. ಸಿಕ್ಕಿಬಿದ್ದವರು ಬೇಡಿಗೆ ಹೇಗೆ ಕೈ ಚಾಚುತ್ತಿದ್ದರೆಂದು ಮೂವತ್ತೊಂದು ವರ್ಷ ನೋಡಿದವರು ಅವರು. ಮೊನ್ನೆ ನಾನು ಗಂಟು ಹಾಕುತ್ತಿದ್ದಾಗ ತಲೆ ಬಗ್ಗಿಸಿ, ಬಹಳ ಮೆಲ್ಲಗೆ, ಮೇಲಿನವರನ್ನು ಕೇಳುವ ಧ್ವನಿಯಲ್ಲಿ ಕೇಳಿದರು: 'ಎಷ್ಟ್ ದಿನ ಹಾಕವ್ರಮ್ಮ ನಂಗೆ?'

ಇದರ ಉತ್ತರ ತಮ್ಮಲ್ಲಿದೆ. ದಯಮಾಡಿ ಬರೆಯಿರಿ. ಅನುಮತಿ ಇದ್ದರೆ ಇದೆ ಎಂದು, ಇಲ್ಲದಿದ್ದರೆ ಇಲ್ಲ ಎಂದು, ತಮ್ಮ ಹೆಸರು, ಹುದ್ದೆ, ಮೊಹರಿನ ಸಹಿತ ಒಂದು ಸಾಲು ಸಾಕು. ಕೇಳಿದವರಿಗೆ ನಾನು ಓದಿ ಹೇಳಬೇಕು.

ಇಂತಿ,
ಅಪರಾಧವೇನೆಂದು ಗೊತ್ತಿಲ್ಲದೆ ದಿನವೂ ಸಂಜೆ ತಂದೆಯನ್ನು ಬಂಧಿಸುತ್ತಿರುವ,
ತನುಜ, ಗಾರ್ಡ್ ಬಯ್ಯಪ್ಪನವರ ಮಗಳು
ಮಂಡಿಕಲ್ ಹೋಬಳಿ, ಚಿಕ್ಕಬಳ್ಳಾಪುರ ತಾಲ್ಲೂಕು
ಆಗಸ್ಟ್ ೨೦೦೯